ಜಿಲ್ಲಾಧಿಕಾರಿಗಳೇ, ರಾತ್ರಿ ಆ ಮನೆಯಲ್ಲಿ ಯಾರಿರುತ್ತಾರೆ ಅಂತ ಒಮ್ಮೆ ಕೇಳಿ

ಕೊಡಗಿನ ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯವರಿಗೆ, ಜೊತೆಗೆ ಇದನ್ನು ಓದುವ ನಮ್ಮ ಊರಿನವರಿಗೂ,

ನಮಸ್ಕಾರ.

ನಾನು ಕಕ್ಕಬ್ಬೆ ಕಡೆ ಹೋಂಸ್ಟೇ ನಡೆಸುವವಳು. ಮೂರು ರೂಮು, ನಾವು ವಾಸ ಇರುವ ಮನೆಯಲ್ಲೇ. ನೋಂದಣಿ ಇದೆ. ಹಾಗಾಗಿ ಈ ಪತ್ರದಲ್ಲಿ ನಿನ್ನ ಸ್ವಾರ್ಥವೂ ಇದೆ ಅಂತ ಯಾರಾದರೂ ಹೇಳಿದರೆ ನಾನು ಇಲ್ಲ ಅನ್ನುವುದಿಲ್ಲ. ಲೈಸೆನ್ಸ್ ಇಲ್ಲದವರು ಕಮ್ಮಿ ರೇಟಿಗೆ ರೂಮು ಬಿಟ್ಟರೆ ನನ್ನ ವ್ಯಾಪಾರಕ್ಕೆ ಹೊಡೆತ ಬೀಳುತ್ತದೆ, ಅದು ನಿಜ. ಆದರೆ ರೇಟಿನ ಜಗಳಕ್ಕೆ ಇಷ್ಟುದ್ದ ಪತ್ರ ಬರೆಯುವಷ್ಟು ಪುರುಸೊತ್ತು ನನಗಿಲ್ಲ.

ಪ್ರತಿ ಸಲವೂ ಹೀಗೇ ಆಗುತ್ತದೆ. ಎಲ್ಲೋ ಒಂದು ಕಡೆ ಗಲಾಟೆ, ಇಲ್ಲಾ ಯಾವುದೋ ತೊರೆಯಲ್ಲಿ ಹುಡುಗರು ಮುಳುಗಿದರು, ಇಲ್ಲಾ ಒಂದು ಹೆಣ್ಣುಮಗಳಿಗೆ ತೊಂದರೆಯಾಯಿತು. ಮಾರನೇ ದಿನ ಪೇಪರಲ್ಲಿ 'ಅನಧಿಕೃತ ಹೋಂಸ್ಟೇಗಳ ಮೇಲೆ ಕಠಿಣ ಕ್ರಮ' ಅಂತ ಬರುತ್ತದೆ. ಒಂದು ವಾರ ಜೀಪು ಓಡಾಡುತ್ತದೆ. ಆ ಜೀಪು ಎಲ್ಲಿಗೆ ಬರುತ್ತದೆ ಗೊತ್ತಾ? ನೋಂದಣಿ ಮಾಡಿಸಿದವರ ಮನೆಗೆ. ಯಾಕೆಂದರೆ ವಿಳಾಸ ಇರುವುದು ನಮ್ಮದು ಮಾತ್ರ.

ಕಳೆದ ಬಾರಿ ತಪಾಸಣೆಗೆ ಬಂದವರು ಒಳ್ಳೆಯವರೇ. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಕುತ್ತಿಗೆಗೆ ಕಟ್ಟಿದ ಚೀಟಿ ಹಿಡಿದು ರೀಫಿಲ್ ತಾರೀಖು ಓದಿದರು. ರಿಜಿಸ್ಟರ್ ತೆಗೆಸಿದರು. ಒಬ್ಬ ಅತಿಥಿಯ ಮೊಬೈಲ್ ನಂಬರಿನಲ್ಲಿ ಒಂದು ಅಂಕಿ ಕಮ್ಮಿ ಇದ್ದದ್ದನ್ನು ಹಿಡಿದರು. ಹಿಡಿಯಲಿ, ಅದು ಅವರ ಕೆಲಸ. ಆದರೆ ಅವರು ಬಂದ ಅದೇ ರಸ್ತೆಯಲ್ಲಿ, ನಮ್ಮ ಗೇಟಿನಿಂದ ಸ್ವಲ್ಪ ಮೇಲೆ, ಜೆಸಿಬಿ ತಂದು ಬರೆ (ಬೆಟ್ಟದ ಇಳಿಜಾರಿನ ಮಣ್ಣಿನ ದಿಣ್ಣೆ) ಕಡಿದು ಕಟ್ಟಿದ ಒಂದು ಗಾಜಿನ ಮನೆ ಇದೆ. ಬೋರ್ಡಿಲ್ಲ. ಬಾಗಿಲ ಪಕ್ಕ ನಂಬರ್ ಒತ್ತಿದರೆ ತೆರೆಯುವ ಒಂದು ಪುಟ್ಟ ಡಬ್ಬಿ, ಅದರೊಳಗೆ ಕೀ. ವೀಕೆಂಡ್ ಬಂತೆಂದರೆ ಐದಾರು ಕಾರು ರಸ್ತೆ ಮೇಲೆ ನಿಂತಿರುತ್ತವೆ, ನಮ್ಮ ಜೀಪು ತಿರುಗಿಸಲೂ ಜಾಗ ಇರುವುದಿಲ್ಲ. ಅಲ್ಲಿಗೂ ಹೋಗಿ ಬನ್ನಿ ಅಂದೆ. 'ಅದು ನಮ್ಮ ಲಿಸ್ಟಲ್ಲಿ ಇಲ್ಲ ಮೇಡಂ' ಅಂದರು.

ಲಿಸ್ಟಲ್ಲಿ ಇಲ್ಲ ಅಂತಲೇ ಅಲ್ವಾ ಅಲ್ಲಿಗೆ ಹೋಗಬೇಕಾದದ್ದು?

ಆ ಮನೆಯಿಂದ ಒಂದು ಮಳೆಗಾಲದ ರಾತ್ರಿ ಹನ್ನೊಂದರ ಮೇಲೆ ಒಬ್ಬ ಹುಡುಗ ನಮ್ಮ ಬಾಗಿಲು ತಟ್ಟಿದ. ತಲೆ ಮೇಲೆ ಪ್ಲಾಸ್ಟಿಕ್ ಕವರ್, ಕೈಯಲ್ಲಿ ಮೊಬೈಲ್ ಟಾರ್ಚು. ಅವನ ತಾಯಿಗೆ ಉಸಿರು ಕಟ್ಟುತ್ತಿತ್ತು. ಕರೆಂಟಿಲ್ಲ, ನೆಟ್‌ವರ್ಕ್ ಒಂದು ಮೂಲೆಯಲ್ಲಿ ಬಂದರೆ ಇನ್ನೊಂದು ಮೂಲೆಯಲ್ಲಿ ಹೋಗುತ್ತದೆ, ಕೇರ್‌ಟೇಕರ್ ಫೋನ್ ಸ್ವಿಚ್ ಆಫ್, ಬುಕಿಂಗಿನಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ಯಾವುದೋ ಊರಿನ ಕಾಲ್ ಸೆಂಟರಿನ ಹುಡುಗಿ 'ನಿಮ್ಮ ದೂರು ದಾಖಲಾಗಿದೆ, ಇಪ್ಪತ್ನಾಲ್ಕು ಗಂಟೆಯೊಳಗೆ ನಮ್ಮವರು ಸಂಪರ್ಕಿಸುತ್ತಾರೆ' ಅಂದಳಂತೆ. ನಮ್ಮ ಮನೆಯವರು ಜೀಪು ತೆಗೆದರು. ದಾರಿಯಲ್ಲಿ ಒಂದು ಮರ ಬಿದ್ದಿತ್ತು, ಪಕ್ಕದ ಲೈನ್ ಮನೆಯ ತೋಟದ ಕೆಲಸಗಾರರನ್ನು ಎಬ್ಬಿಸಿ ಕತ್ತಿಯಿಂದ ಕೊಂಬೆ ಕಡಿಸಿ ದಾಟಿಸಿದರು. ಆ ಅಮ್ಮ ಹುಷಾರಾದರು, ಅದು ದೊಡ್ಡದು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಆ ಮನೆಗೆ ರಾತ್ರಿ ಹೊತ್ತು ಹೊಣೆ ಯಾರು?

ಈ ಪತ್ರದಲ್ಲಿ ನಾನು ಕೇಳುವುದೂ ಅದನ್ನೇ. ಲೈಸೆನ್ಸ್ ಇದೆಯಾ, ತೆರಿಗೆ ಕಟ್ಟಿದ್ದಾರಾ, ಬೋರ್ಡು ಕನ್ನಡದಲ್ಲಿದೆಯಾ, ಎಲ್ಲವನ್ನೂ ಕೇಳಿ. ಆದರೆ ಮೊದಲು ಅತಿಥಿಗಳು ಮಲಗುವ ಮನೆಯಲ್ಲಿ ರಾತ್ರಿ ಯಾರು ಇರುತ್ತಾರೆ ಅಂತ ಕೇಳಿ. ಉತ್ತರ ಸರಿ ಇದ್ದ ಕಡೆ ಉಳಿದದ್ದು ಮುಕ್ಕಾಲು ಪಾಲು ಸರಿ ಇರುತ್ತದೆ. ಉತ್ತರವೇ ಇಲ್ಲದ ಕಡೆ ಎಷ್ಟು ಸಿಸಿ ಕ್ಯಾಮೆರಾ ಹಾಕಿಸಿದರೂ ಅಷ್ಟೇ.

ಹೊರಗಿನ ಓದುಗರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಕೊಡಗಿನಲ್ಲಿ ಹೋಂಸ್ಟೇ ಹುಟ್ಟಿದ್ದು ಶೋಕಿಗಲ್ಲ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಅಂತ ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರಲ್ಲಿ ಮುರಿದು ಬಿತ್ತು. ತೊಂಬತ್ತರ ದಶಕದಲ್ಲಿ ಕಾಫಿ ಬೋರ್ಡಿಗೇ ಕೊಡಬೇಕು ಅನ್ನುವ ಕಟ್ಟೂ ಹೋಯಿತು. ನಡುವೆ ಕೆಲವು ವರ್ಷ ಬೆಲೆ ಚೆನ್ನಾಗಿತ್ತು, ಆಮೇಲೆ 2001ರ ಹೊತ್ತಿಗೆ ಪಾತಾಳ ಸೇರಿತು. ಆಳಿನ ಕೂಲಿಗೂ ಗೊಬ್ಬರಕ್ಕೂ ಸಾಲದ ಕಾಲ. ಮಕ್ಕಳು ಬೆಂಗಳೂರಿಗೋ ಮಿಲಿಟರಿಗೋ ಹೋಗಿ ಮನೆಯಲ್ಲಿ ರೂಮುಗಳು ಖಾಲಿ ಬಿದ್ದಿದ್ದವು. ಒಂದೆರಡು ರೂಮು ಗುಡಿಸಿ, ಹಾಸಿಗೆ ಹಾಕಿ, ಬಂದವರಿಗೆ ಕಡಂಬುಟ್ಟು, ಅಕ್ಕಿ ರೊಟ್ಟಿ, ಪಂದಿ ಕರಿ ಬಡಿಸಿದರೆ ಕೈಗೆ ನಾಲ್ಕು ಕಾಸು. ನಮ್ಮ ಅತ್ತೆ ಶುರು ಮಾಡಿದ್ದು ಹಾಗೇ. ಬಂದವರು ಮನೆಯವರ ಜೊತೆಗೇ ಊಟಕ್ಕೆ ಕೂರುತ್ತಿದ್ದರು, ಅತ್ತೆ ಒಂಬತ್ತೂವರೆಗೆ ದೀಪ ಆರಿಸಿದರೆ ಎಲ್ಲರೂ ಮಲಗಬೇಕು. ಈಗಿನವರಿಗೆ ಅದು ಜಾಸ್ತಿ ಆಯಿತು ಅನ್ನಿಸಬಹುದು!

ಈಗ ನೋಡಿ, 2024ರಿಂದ ಈಚೆಗೆ ರೋಬಸ್ಟಾ ಕಾಫಿಗೆ ನಾವು ಕನಸಲ್ಲೂ ಕಾಣದ ಬೆಲೆ ಬಂತು. ಲೆಕ್ಕ ಪ್ರಕಾರ ಹೋಂಸ್ಟೇ ಹುಚ್ಚು ಸ್ವಲ್ಪ ಇಳಿಯಬೇಕಿತ್ತು. ಇಳಿಯಲಿಲ್ಲ. ಯಾಕೆಂದರೆ ಈಗ ಹೊಸದಾಗಿ ಕಟ್ಟುತ್ತಿರುವವರಲ್ಲಿ ತುಂಬಾ ಜನ ಕಾಫಿ ಬೆಳೆಗಾರರೇ ಅಲ್ಲ. ಎಲ್ಲಿಂದಲೋ ದುಡ್ಡು ತಂದು ಜಾಗ ಕೊಂಡು ವಿಲ್ಲಾ ಕಟ್ಟಿ, ಬಾಡಿಗೆ ವ್ಯವಹಾರವನ್ನು ಇನ್ನೊಂದು ಕಂಪನಿಗೆ ವಹಿಸಿ ಹೋಗುತ್ತಾರೆ. ಹಾಗಂತ ಬರೀ ಬೆಂಗಳೂರಿನವರನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ತೋಟದ ಹಳೇ ಬಂಗಲೆಯನ್ನು ತಿಂಗಳಿಗೆ ಇಷ್ಟು ಅಂತ ಲೀಸಿಗೆ ಕೊಟ್ಟು, ಅಲ್ಲಿ ಏನು ನಡೆಯುತ್ತದೆ ಅಂತ ತಿರುಗಿಯೂ ನೋಡದವರು ನಮ್ಮವರೇ ಇದ್ದಾರೆ. ಅವರ ನೆಂಟರ ಮದುವೆಯಲ್ಲಿ ನಾವು ಒಟ್ಟಿಗೆ ಊಟಕ್ಕೆ ಕೂರುತ್ತೇವೆ, ಆದ್ದರಿಂದ ಯಾರೂ ಬಾಯಿ ಬಿಡುವುದಿಲ್ಲ. ಈ ಪತ್ರ ಓದಿ ಕೆಲವರು ನನ್ನ ಜೊತೆ ಮಾತು ಬಿಡಬಹುದು. ಬಿಡಲಿ.

ನಿಯಮ ಇಲ್ಲ ಅಂತಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿ ಸ್ಪಷ್ಟವಾಗಿ ಇದೆ. ಒಂದರಿಂದ ಆರು ರೂಮು, ಹೆಚ್ಚೆಂದರೆ 12 ಹಾಸಿಗೆ, ಮಾಲೀಕರು ಅಥವಾ ಅವರ ಕುಟುಂಬದವರು ಅದೇ ಜಾಗದಲ್ಲಿ ವಾಸ ಇರಬೇಕು. ಕೇರಳದಲ್ಲೂ ಮಾಲೀಕರ ವಾಸ ಕಡ್ಡಾಯ, ಡೈಮಂಡ್, ಗೋಲ್ಡ್, ಸಿಲ್ವರ್ ಅಂತ ದರ್ಜೆ ಕೊಡುತ್ತಾರೆ. ನಮ್ಮ ರಾಜ್ಯದ ನೋಂದಣಿಗೂ ಪೊಲೀಸರ ಒಪ್ಪಿಗೆ ಬೇಕು, ಪಂಚಾಯಿತಿ ಒಪ್ಪಿಗೆ ಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಕಳಿಸಬೇಕು. ಕೃಷಿ ಜಮೀನಿನಲ್ಲಿ ವ್ಯಾಪಾರಕ್ಕೆ ಕಟ್ಟಡ ಎಬ್ಬಿಸಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆಗಬೇಕು. ಹತ್ತು ಗಂಟೆ ಮೇಲೆ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಇದೆ. ಇದರಲ್ಲಿ ಒಂದನ್ನೂ ಹೊಸದಾಗಿ ಬರೆಯಬೇಕಾಗಿಲ್ಲ. ಹೊಸ ನೀತಿ ಮಾಡುತ್ತೇವೆ, ಸಮಿತಿ ಮಾಡುತ್ತೇವೆ ಅಂತ ದಯವಿಟ್ಟು ಹೇಳಬೇಡಿ.

ರಾತ್ರಿ ಮನೆಯವರು ಇಲ್ಲದಿದ್ದರೆ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ಹೋಟೆಲಲ್ಲಿ ಮಾಲೀಕ ಇರುತ್ತಾನಾ ಅಂತ ವಾದ ಮಾಡುತ್ತಾರೆ. ಇರುವುದಿಲ್ಲ, ಆದರೆ ಅಲ್ಲಿ ರಿಸೆಪ್ಷನ್ ಇರುತ್ತದೆ, ರಾತ್ರಿ ಪಾಳಿಯವರು ಇರುತ್ತಾರೆ, ಕೆಳಗೆ ರಸ್ತೆ, ಎದುರಿಗೆ ಅಂಗಡಿ. ತೋಟದ ನಡುವಿನ ಒಂಟಿ ಮನೆ ಹಾಗಲ್ಲ.

ಗ್ಯಾಸ್ ಗೀಸರ್ ತೆಗೆದುಕೊಳ್ಳಿ. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಬಿಸಿನೀರಿಗೆ ಗ್ಯಾಸ್ ಗೀಸರೇ ಸುಲಭ ಅಂತ ಬಾತ್‌ರೂಮಿನ ಒಳಗೇ ಹಾಕಿಸುತ್ತಾರೆ. ಚಳಿ ಅಂತ ಬಂದವರು ಕಿಟಕಿ ಮುಚ್ಚುತ್ತಾರೆ, ವೆಂಟಿಲೇಟರಿಗೆ ಟವೆಲ್ ತುರುಕುತ್ತಾರೆ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಮನೆಯಲ್ಲಿ ನಾನಿದ್ದರೆ ಒಬ್ಬರು ಸ್ನಾನಕ್ಕೆ ಹೋಗಿ ತುಂಬಾ ಹೊತ್ತಾಯಿತು ಅಂತ ಗೊತ್ತಾಗುತ್ತದೆ, ಬಾಗಿಲು ಬಡಿಯುತ್ತೇನೆ. ಅದಕ್ಕಿಂತ ಮೊದಲು, ನನ್ನ ಮಕ್ಕಳೂ ಅದೇ ಮನೆಯಲ್ಲಿ ಸ್ನಾನ ಮಾಡುವುದರಿಂದ ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿರುತ್ತೇನೆ. ಎಲ್ಲ ಅಪಾಯದ ವಿಷಯದಲ್ಲೂ ವ್ಯತ್ಯಾಸ ಇಷ್ಟೇ. ನಾನು ಮಲಗುವ ಸೂರಿನಡಿ ನಾನು ಹುಷಾರಾಗಿರುತ್ತೇನೆ.

ಆನೆಯದೂ ಹಾಗೇ. ಎಲ್ಲಿ ಆನೆ ಬಂದಿದೆ ಅಂತ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂಜೆಗೇ ಮೆಸೇಜ್ ಬಂದಿರುತ್ತದೆ. ನಾವು ಅತಿಥಿಗಳಿಗೆ ನಾಳೆ ಬೆಳಗ್ಗೆ ಬೇಗ ಎದ್ದು ತೋಟದಲ್ಲಿ ಓಡಾಡಬೇಡಿ ಅನ್ನುತ್ತೇವೆ. ಕೀ ಡಬ್ಬಿಗೆ ಈ ಮೆಸೇಜ್ ಬರುವುದಿಲ್ಲ. ಮಂಜಿನಲ್ಲಿ ಸೆಲ್ಫಿ ತೆಗೆಯುತ್ತಾ ಕಾಡಂಚಿನ ರಸ್ತೆಯಲ್ಲಿ ನಡೆಯುವ ಹುಡುಗರನ್ನು ನೋಡಿದರೆ ನನಗೆ ಜೀವ ಬಾಯಿಗೆ ಬರುತ್ತದೆ.

ಇನ್ನು ಮಳೆ. 2018ರ ಆಗಸ್ಟಿನ ಭೂಕುಸಿತ ಯಾರಿಗೆ ಮರೆಯುತ್ತದೆ? ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ, ಹೆಸರು ಹೇಳಿದರೆ ಸಾಕು, ನಮ್ಮವರಿಗೆ ಬೇರೆ ಏನೂ ಹೇಳಬೇಕಾಗಿಲ್ಲ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬೆಟ್ಟ. 2018ರಲ್ಲಿ ಆಮೇಲೆ ಬಂದು ನೋಡಿದ ಭೂವಿಜ್ಞಾನಿಗಳು ಜೋರು ಮಳೆಯ ಜೊತೆಗೆ, ಮನೆಗೆ ರಸ್ತೆಗೆ ಅಂತ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣ ಅಂದರು. ಹೋಂಸ್ಟೇಯಿಂದಲೇ ಬೆಟ್ಟ ಬಿತ್ತು ಅಂತ ಆಗ ಕೆಲವರು ಕೂಗಿದರು, ಅದು ಅತಿಯಾಯಿತು. ಒಂದೇ ಒಂದು ಪ್ರವಾಸಿ ಬರದ ಮನೆಗಳೂ ಕೊಚ್ಚಿ ಹೋಗಿವೆ, ಅಡ್ಡಕ್ಕೆ ಕಡಿಯದ ತೋಟಗಳೂ ಜಾರಿವೆ. ಆದರೆ ವ್ಯೂ ಬೇಕು ಅಂತ ಬೆಟ್ಟದ ತುದಿಯಲ್ಲೇ ಜೆಸಿಬಿ ನಿಲ್ಲಿಸಿ, ಬರೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು, ಮಣ್ಣನ್ನು ಕೆಳಗಿನ ಗದ್ದೆಗೆ ನೂಕಿ, ಅದರ ಮೇಲೆ ಈಜುಕೊಳ ಕಟ್ಟುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ಇಳಿಜಾರಿನ ತಲೆ ಮೇಲೆ ನೀರು ತುಂಬಿಸಿಟ್ಟರೆ ಏನಾಗುತ್ತದೆ ಅಂತ ತಿಳಿಯಲು ಇಂಜಿನಿಯರ್ ಆಗಬೇಕಾಗಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಕಟ್ಟಡ ಪರವಾನಗಿ ಕೊಡುವ ಅಧಿಕಾರ ಪಂಚಾಯಿತಿಗೇ ಇದೆ. ಪರವಾನಗಿ ವಾಸದ ಮನೆಗೆ, ಎದ್ದು ನಿಲ್ಲುವುದು ಎಂಟು ರೂಮಿನ ರೆಸಾರ್ಟು.

ಬೆಟ್ಟ ಜಾರುವ ರಾತ್ರಿ ಇನ್ನೊಂದು ಕಷ್ಟ ಇದೆ. ಊರಿನ ಯಾವ ಮನೆಯಲ್ಲಿ ಎಷ್ಟು ಜನ ಅಂತ ರೇಷನ್ ಕಾರ್ಡಿನಲ್ಲಿದೆ, ವೋಟರ್ ಲಿಸ್ಟಿನಲ್ಲಿದೆ, ಇಲ್ಲದಿದ್ದರೆ ಅಂಗನವಾಡಿ ಟೀಚರಿಗೆ ಬಾಯಿಪಾಠ. ಆ ಗಾಜಿನ ಮನೆಯಲ್ಲಿ ಅವತ್ತು ಎಷ್ಟು ಜನ ಮಲಗಿದ್ದಾರೆ ಅಂತ ಯಾರಿಗೆ ಗೊತ್ತು? ಬುಕ್ ಮಾಡಿದವನ ಒಂದು ಹೆಸರು, ಯಾವುದೋ ಸರ್ವರಿನಲ್ಲಿ. ಜೊತೆಗೆ ಬಂದ ಎಂಟು ಜನರ ಹೆಸರು ಎಲ್ಲೂ ಇಲ್ಲ. 2024ರ ಜುಲೈ 30ರ ಬೆಳಗಿನ ಜಾವ ನಮ್ಮ ಗಡಿಯಾಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿ ಹೋದಾಗ ನನಗೆ ಮೊದಲು ಅನ್ನಿಸಿದ್ದು ಇದೇ. ಕುಟ್ಟದಿಂದ ಆಚೆ ಒಂದು ಹೆಜ್ಜೆ ಇಟ್ಟರೆ ಅದೇ ಜಿಲ್ಲೆ, ಅದೇ ಮಳೆ.

ಅದಕ್ಕೇ ನನ್ನದೊಂದು ಸಣ್ಣ ಬೇಡಿಕೆ. ಮಳೆಗಾಲದ ನಾಲ್ಕು ತಿಂಗಳು, ಅತಿಥಿಗಳಿರುವ ಪ್ರತಿ ಮನೆಯವರು ರಾತ್ರಿ ಎಂಟರೊಳಗೆ ಪಂಚಾಯಿತಿಗೆ ಒಂದು ಮೆಸೇಜ್ ಕಳಿಸಲಿ. ಇವತ್ತು ನಮ್ಮಲ್ಲಿ ಇಷ್ಟು ಜನ. ಹೆಸರು ಬೇಡ, ಆಧಾರ್ ಬೇಡ, ಬರೀ ಸಂಖ್ಯೆ. ಹೆಸರುಗಳು ಮನೆಯ ರಿಜಿಸ್ಟರಿನಲ್ಲಿ ಇರುತ್ತವಲ್ಲ. (ಈ ಆಧಾರ್ ಜೆರಾಕ್ಸ್ ವಿಷಯವೇ ನನಗೆ ಸರಿ ಕಾಣುವುದಿಲ್ಲ. ಎಷ್ಟೋ ಕಡೆ ಮೇಜಿನ ಡ್ರಾಯರಿನಲ್ಲಿ ಕಂತೆ ಕಂತೆ ಬಿದ್ದಿರುತ್ತವೆ, ಕೇಳುವವರಿಲ್ಲ. ಸಂಖ್ಯೆ ಮರೆಮಾಡಿದ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಬಹುದು ಅಂತ ಅತಿಥಿಗಳಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ.)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲೈಸೆನ್ಸ್ ಇಲ್ಲದವರನ್ನು ಹುಡುಕುವುದು ಕಷ್ಟ, ತೋಟದೊಳಗೆ ಎಲ್ಲಿ ಅಂತ ಹೋಗುವುದು ಅಂತ ಹೇಳುತ್ತೀರಿ. ಕ್ಷಮಿಸಿ, ನನಗೆ ನಂಬಿಕೆ ಬರುತ್ತಿಲ್ಲ. ಬೆಂಗಳೂರಿನ ಹುಡುಗನಿಗೆ ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಸಿಗುವ ಮನೆ ಇಲಾಖೆಗೆ ಸಿಗುವುದಿಲ್ಲ ಅಂದರೆ ಹೇಗೆ? ಫೋಟೊ ಇದೆ, ಮ್ಯಾಪ್ ಇದೆ, ರೇಟ್ ಇದೆ, ಮೊನ್ನೆ ಇದ್ದು ಹೋದವರು ಬರೆದ ಹೊಗಳಿಕೆ ಇದೆ. ಅಷ್ಟೇ ಅಲ್ಲ. ಜಿಎಸ್‌ಟಿ ಕಾಯ್ದೆಯ 9(5)ನೇ ಕಲಂ ಪ್ರಕಾರ, ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾಲೀಕರ ರೂಮು ಆ್ಯಪ್ ಮೂಲಕ ಹೋದರೆ ಅದರ ತೆರಿಗೆಯನ್ನು ಆ್ಯಪ್ ಕಂಪನಿಯೇ ಕಟ್ಟಬೇಕು. ಅಂದರೆ ಆ ಬುಕಿಂಗಿನ ಮೇಲೆ ತೆರಿಗೆ ವಸೂಲಿಗೆ ಸರ್ಕಾರಕ್ಕೆ ದಾರಿ ಗೊತ್ತಿದೆ. ದುಡ್ಡು ಕೇಳುವಾಗ ಕಾಣುವ ಮನೆ ಲೈಸೆನ್ಸ್ ಕೇಳುವಾಗ ಕಾಣುವುದಿಲ್ಲ!

ನ್ಯೂಯಾರ್ಕಿನಂಥ ಊರಿನಲ್ಲಿ 2023ರ ಸೆಪ್ಟೆಂಬರಿನಿಂದ ಏನು ಮಾಡಿದ್ದಾರೆ ಅಂದರೆ, ಮೂವತ್ತು ದಿನಕ್ಕಿಂತ ಕಮ್ಮಿ ಅವಧಿಗೆ ಮನೆ ಬಾಡಿಗೆಗೆ ಕೊಡುವವರು ನಗರದಲ್ಲಿ ನೋಂದಣಿ ಮಾಡಿಸಬೇಕು, ಅತಿಥಿ ಇರುವಾಗ ತಾವೂ ಮನೆಯಲ್ಲಿರಬೇಕು, ನೋಂದಣಿ ಇಲ್ಲದ ಮನೆಯ ಬುಕಿಂಗನ್ನು ಆ್ಯಪ್ ಕಂಪನಿಯವರು ಮಾಡಿಕೊಡುವಂತಿಲ್ಲ. ಅಲ್ಲಿನ ಕಷ್ಟ ಬೇರೆ. ಊರಿನವರಿಗೇ ಬಾಡಿಗೆ ಮನೆ ಸಿಗುತ್ತಿಲ್ಲ ಅನ್ನುವುದು ಅವರ ಗೋಳು. ನಮ್ಮಲ್ಲಿಗೆ ಇಬ್ಬರಿಗಿಂತ ಜಾಸ್ತಿ ಅತಿಥಿ ಬೇಡ ಅನ್ನುವ ಅವರ ನಿಯಮ ಹೊಂದುವುದೂ ಇಲ್ಲ. ಆದರೆ ಆ ಕೊನೆಯ ಮಾತು ಮಾತ್ರ ಹಾಗೇ ಎತ್ತಿ ತರಬಹುದು. ನೋಂದಣಿ ನಂಬರ್ ಇಲ್ಲದೆ ಆ್ಯಪಿನಲ್ಲಿ ಕೊಡಗಿನ ಒಂದು ಮನೆಯೂ ಕಾಣಬಾರದು. ನಂಬರ್ ಸುಳ್ಳಾದರೆ ತೆಗೆಸಿಹಾಕಿ. ಇದನ್ನು ಜಿಲ್ಲೆಯಲ್ಲಿ ಕೂತು ಮಾಡಲಾಗದಿದ್ದರೆ ಬೆಂಗಳೂರಿಗೆ ಬರೆಯಿರಿ, ಬರೆದದ್ದನ್ನು ನಮಗೂ ತೋರಿಸಿ.

ಊಟಿ, ಕೊಡೈಕೆನಾಲಿಗೆ ಗಾಡಿಯಲ್ಲಿ ಹೋಗುವವರು ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕಾದ ಇ-ಪಾಸ್ 2024ರ ಮೇ 7ರಿಂದ ಬಂದಿದೆ, ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ. ಕೊಡಗಿಗೂ ತನ್ನಿ ಅಂತ ಕೆಲವರು ಹೇಳುತ್ತಾರೆ. ನನಗೆ ಅಷ್ಟು ಉತ್ಸಾಹ ಇಲ್ಲ. ಕುಶಾಲನಗರ, ಸಂಪಾಜೆ, ಮಾಕುಟ್ಟ, ಕುಟ್ಟ, ಆನೆಚೌಕೂರು, ಎಷ್ಟು ಬಾಗಿಲಿಗೆ ಕಾವಲು ಹಾಕುತ್ತೀರಿ? ಕಾರು ಎಣಿಸುವ ಮೊದಲು ಹಾಸಿಗೆ ಎಣಿಸಿ. ಮಡಿಕೇರಿಗೆ ನೀರು ಕೊಡುವ ಕೂಟುಪೊಳೆ ಬೇಸಿಗೆಯಲ್ಲಿ ಎಷ್ಟಕ್ಕೆ ಇಳಿಯುತ್ತದೆ, ಆ ಊರಿನ ಕಸ ಸುರಿಯುವ ಸ್ಟೋನ್ ಹಿಲ್‌ನಲ್ಲಿ ರಾಶಿ ಎಷ್ಟು ಎತ್ತರಕ್ಕೆ ಏರಿದೆ ಅಂತ ಅಲ್ಲಿನವರನ್ನು ಕೇಳಿದರೆ ಹೇಳುತ್ತಾರೆ. ಹಾಸಿಗೆ ಎಷ್ಟಿದೆ ಅಂತಲೇ ತಿಳಿಯದೆ ನೀರೆಷ್ಟು ಬೇಕು, ಕಸ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ ಎಲ್ಲಿಂದ ಬರಬೇಕು?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನೋಂದಣಿ ಮಾಡಿಸದವರೆಲ್ಲ ಕಳ್ಳರಲ್ಲ. ನನಗೆ ಗೊತ್ತಿರುವ ಒಬ್ಬ ಅಕ್ಕ ಇದ್ದಾರೆ, ಗಂಡ ತೀರಿಕೊಂಡ ಮೇಲೆ ಎರಡು ರೂಮು ಬಿಟ್ಟು ಜೀವನ ಮಾಡುತ್ತಿದ್ದಾರೆ. ಅವರ ಅಕ್ಕಿ ರೊಟ್ಟಿ ತಿಂದವರು ಮತ್ತೆ ಬಂದೇ ಬರುತ್ತಾರೆ. ಮನೆ ನಿಂತಿರುವುದು ಜಮ್ಮಾ ಜಾಗದಲ್ಲಿ, ಅಂದರೆ ಇಡೀ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಮೀನಿನಲ್ಲಿ. ಆರ್‌ಟಿಸಿಯಲ್ಲಿ ಈಗಲೂ ಗಂಡನ ಅಜ್ಜನ ಕಾಲದ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರು, ಜೊತೆಗೆ ಕುಟುಂಬದ ಇನ್ನೂ ಹಲವರು. ಎಲ್ಲರ ಸಹಿ ತನ್ನಿ ಅಂತ ಒಂದು ಕಚೇರಿಯವರು ಅಂದರಂತೆ. ಸಹಿ ಹಾಕಬೇಕಾದ ಒಬ್ಬರು ದುಬೈಯಲ್ಲಿ, ಇನ್ನೊಬ್ಬರ ಜೊತೆ ಮಾತಿಲ್ಲ, ಕೆಲವರು ತೀರಿಕೊಂಡಿದ್ದಾರೆ. ಆ ಅಕ್ಕ ಫೈಲು ವಾಪಸ್ ತಂದು ಬೀರುವಿನಲ್ಲಿ ಇಟ್ಟಿದ್ದಾರೆ. ಅದೇ ಹೊತ್ತಿಗೆ ಕ್ರಯಕ್ಕೆ ಜಾಗ ಕೊಂಡು ಬಂದವರ ದಾಖಲೆ ಕನ್ನಡಿಯಷ್ಟು ಸ್ವಚ್ಛ, ವಕೀಲರೇ ಎಲ್ಲ ಮಾಡಿಸಿರುತ್ತಾರೆ. ಕಾಗದ ಮಾತ್ರ ನೋಡಿದರೆ ಆ ಅಕ್ಕ ಅನಧಿಕೃತ. ನಾಳೆ ನಿಮ್ಮ ಜೀಪು ಜೋರು ಮಾಡಿದರೆ ಮೊದಲು ಮುಚ್ಚುವುದು ಅವರದೇ.

ಹಾಗಾಗಿ, ವಾಸ ಇರುವ ಮನೆಯಲ್ಲಿ ಮೂರು ನಾಲ್ಕು ರೂಮು ಬಿಡುವವರಿಗೆ ಬೇರೆ ದಾರಿ ಮಾಡಿ. ಜಮೀನಿನ ಒಡೆತನ ಯಾರದು ಅನ್ನುವುದು ಕಂದಾಯ ಇಲಾಖೆಯ ತಲೆನೋವು, ಅದು ಮುಗಿಯಲು ಇನ್ನೊಂದು ತಲೆಮಾರು ಬೇಕಾಗಬಹುದು. ಹೋಂಸ್ಟೇ ನೋಂದಣಿಗೆ ಬೇಕಾದದ್ದು ಅವರು ಅಲ್ಲಿ ವಾಸ ಇದ್ದಾರಾ ಅನ್ನುವುದು. ಕರೆಂಟ್ ಬಿಲ್, ರೇಷನ್ ಕಾರ್ಡ್, ವೋಟರ್ ಐಡಿ, ಪಂಚಾಯಿತಿ ಕಂದಾಯದ ರಸೀದಿ ನೋಡಿ, ಒಬ್ಬರು ಬಂದು ಮನೆ ನೋಡಿ ಹೋಗಲಿ. ಸಾಲದಾ? ಅರ್ಜಿಗೆ ಗಡುವು ಇರಲಿ. ಸಕಾಲ ಕಾಯ್ದೆ ಅಂತ 2011ರಿಂದಲೇ ಇದೆ, ಗಡುವು ಮೀರಿದರೆ ಕೇಳುವ ಹಕ್ಕು ಜನರಿಗಿದೆ ಅಂತ ಗೋಡೆ ಮೇಲೆ ಬರೆದಿರುತ್ತೀರಿ. ಗೋಡೆ ಮೇಲೆ ಇದ್ದದ್ದು ಕೌಂಟರಿನಲ್ಲೂ ಇರಲಿ.

ಮಾಲೀಕರು ವಾಸ ಇಲ್ಲದ ವಿಲ್ಲಾಗಳನ್ನು ಏನು ಮಾಡುವುದು? ಒಡೆಯಿರಿ ಅಂತ ನಾನು ಹೇಳುವುದಿಲ್ಲ. ಅಲ್ಲೂ ಊರಿನವರಿಗೆ ಕೆಲಸ ಸಿಕ್ಕಿದೆ. ಆದರೆ ಅವರು ಹೋಂಸ್ಟೇ ಹೆಸರಿನಲ್ಲಿ ನಡೆಸುವುದು ಬೇಡ. ವ್ಯಾಪಾರ ಅಂತ ಒಪ್ಪಿಕೊಂಡು ವ್ಯಾಪಾರದ ಲೈಸೆನ್ಸ್ ತಗೊಳ್ಳಲಿ, ಭೂ ಪರಿವರ್ತನೆ ಮಾಡಿಸಲಿ, ರಾತ್ರಿ ಅಲ್ಲೇ ಮಲಗುವ ಒಬ್ಬ ಮ್ಯಾನೇಜರನ ಹೆಸರು, ಫೋನ್ ನಂಬರನ್ನು ಗೇಟಿನ ಮೇಲೆ ಬರೆಸಲಿ. ಕುಶಾಲನಗರ, ಮಡಿಕೇರಿಯಲ್ಲಿ ಇಪ್ಪತ್ತು ರೂಮಿಗೆ ಹೋಂಸ್ಟೇ ಬೋರ್ಡ್ ಹಾಕಿದವರಿಗೂ ಇದೇ ಮಾತು. ಲಾಡ್ಜ್ ನಡೆಸುವುದು ತಪ್ಪಲ್ಲ. ಲಾಡ್ಜ್ ಅಂತ ಬರೆಸಿಕೊಂಡು, ಬೆಂಕಿ ಬಿದ್ದರೆ ಇಳಿಯಲು ಎರಡನೇ ಮೆಟ್ಟಿಲು ಕಟ್ಟಿಸಿ ನಡೆಸಿ.

ದಂಡ ಹಾಕುವಾಗ ಒಂದು ವಿಷಯ ನೆನಪಿರಲಿ. ಆ ಮನೆಗಳಲ್ಲಿ ಕೇರ್‌ಟೇಕರ್ ಅಂತ ಇರುವ ಹುಡುಗರು ಹೆಚ್ಚಿನವರು ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದವರು. ಹಾಸಿಗೆ ಹಾಸುವವನೂ ಅವನೇ, ಅಡುಗೆ ಮಾಡುವವನೂ ಅವನೇ, ಕುಡಿದವರ ಬೈಗುಳ ತಿನ್ನುವವನೂ ಅವನೇ. ಮೂರು ಮನೆಗೆ ಒಬ್ಬನೇ ಹುಡುಗ. ತಪಾಸಣೆ ಆದಾಗ ಸ್ಟೇಷನ್ನಿಗೆ ಹೋಗುವವನೂ ಅವನೇ ಆದರೆ ಅದು ನ್ಯಾಯ ಅಲ್ಲ. ನೋಟಿಸ್ ಆಸ್ತಿಯ ಮಾಲೀಕನಿಗೆ ಹೋಗಲಿ, ಲೀಸಿಗೆ ತಗೊಂಡ ಕಂಪನಿಗೆ ಹೋಗಲಿ.

ಇನ್ನೊಂದು, ತಪಾಸಣೆ ಅಂದರೆ ಬಂದ ಹುಡುಗ ಹುಡುಗಿಗೆ ಮದುವೆಯಾಗಿದೆಯಾ ಅಂತ ಕೇಳುವುದಲ್ಲ. ಕೆಲವು ಕಡೆ ಜೀಪು ಬಂತೆಂದರೆ ಮೊದಲು ನಡೆಯುವುದು ಅದೇ. ವಯಸ್ಸಿಗೆ ಬಂದ ಇಬ್ಬರು, ಗುರುತಿನ ಚೀಟಿ ಕೊಟ್ಟಿದ್ದಾರೆ, ರಿಜಿಸ್ಟರಿನಲ್ಲಿ ಹೆಸರಿದೆ, ಮುಗಿಯಿತು. ನಿಮ್ಮ ಟಾರ್ಚನ್ನು ಗೀಸರಿನ ಪೈಪಿನ ಮೇಲೆ ಬಿಡಿ, ಮನೆ ಹಿಂದಿನ ಬರೆಯ ಮೇಲೆ ಬಿಡಿ, ಅತಿಥಿಗಳ ಮುಖದ ಮೇಲೆ ಬೇಡ.

ತಪಾಸಣೆಗೆ ಮಂಗಳವಾರ ಮಧ್ಯಾಹ್ನ ಬರಬೇಡಿ. ಮಂಗಳವಾರ ಮಧ್ಯಾಹ್ನ ಎಲ್ಲ ಮನೆಯೂ ಚೆನ್ನಾಗಿಯೇ ಇರುತ್ತದೆ, ಕೇರ್‌ಟೇಕರ್ ಗಿಡಕ್ಕೆ ನೀರು ಹಾಕುತ್ತಿರುತ್ತಾನೆ. ಶನಿವಾರ ರಾತ್ರಿ ಹತ್ತರ ಮೇಲೆ ಬನ್ನಿ. ಜೀಪಿನ ಸದ್ದಿಗಿಂತ ಡಿಜೆ ಸದ್ದು ಜೋರಾಗಿರುವ ಕಡೆಯಿಂದ ಶುರು ಮಾಡಿ. ಗೇಟು ತೆರೆಯುವವರು ಯಾರು, ಆ ಮನೆಯಲ್ಲಿ ಅವರಿಗೆ ಏನು ಅಧಿಕಾರ ಇದೆ ಅಂತ ಕೇಳಿ.

ಕೊನೆಗೆ, ಹೆಚ್ಚು ಖರ್ಚಿಲ್ಲದ ಒಂದು ಕೆಲಸ. ಜೂನ್ ಮಳೆಗೆ ಮೊದಲು ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಆ ಊರಿನ ನೋಂದಾಯಿತ ಹೋಂಸ್ಟೇ, ಲಾಡ್ಜ್, ರೆಸಾರ್ಟುಗಳ ಪಟ್ಟಿ ಹಾಕಿಸಿ. ಮನೆಯ ಹೆಸರು, ರೂಮೆಷ್ಟು, ನೋಂದಣಿ ನಂಬರ್, ಅದು ಯಾವಾಗ ಮುಗಿಯುತ್ತದೆ, ಇಷ್ಟೇ. ಕೆಳಗೆ ದೂರು ಕೊಡಲು ಒಂದು ಫೋನ್ ನಂಬರ್, ಎತ್ತುವಂಥದ್ದು. ದೂರು ಕೊಟ್ಟವರ ಹೆಸರು ಹೊರಗೆ ಹೋಗಬಾರದು, ಇಲ್ಲದಿದ್ದರೆ ನಾವು ಊರಲ್ಲಿ ಬದುಕುವ ಹಾಗಿಲ್ಲ. ಪಟ್ಟಿಯಲ್ಲಿ ಯಾವ ಮನೆ ಬಿಟ್ಟುಹೋಗಿದೆ ಅಂತ ನೀವು ಹುಡುಕಬೇಕಾಗಿಲ್ಲ, ಹಾಲಿನ ಡೈರಿಗೆ ಬರುವವರೇ ಓದಿ ಹೇಳುತ್ತಾರೆ.

ಇಂತಿ,
ಕಕ್ಕಬ್ಬೆ ಕಡೆಯ ಒಬ್ಬ ಹೋಂಸ್ಟೇ ನಡೆಸುವವಳು